ಪಡಿ, ಮದ್ದು, ರಸೀದಿ: ಅಮೆರಿಕದ ಮೊದಲ ಸೈನ್ಯದ ಕಡತಗಳು

1775ರಿಂದ 1800ರವರೆಗಿನ ಇಪ್ಪತ್ತೈದು ವರ್ಷಗಳಲ್ಲಿ ಅಮೆರಿಕದ ಸೈನ್ಯ ಬರೆದ ಹಾಗೂ ಸೈನ್ಯಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕದನಗಳನ್ನು ಕುರಿತವಲ್ಲ. ಹಿಟ್ಟು, ಮಾಂಸ, ಉಪ್ಪು, ಬೂಟು, ಕಂಬಳಿ, ಕೋವಿಮದ್ದು, ಕುದುರೆ ಮೇವು, ಬಂಡಿ ಬಾಡಿಗೆ, ಬಾಕಿ ಸಂಬಳ ಇವೇ ಅವುಗಳ ವಿಷಯ. ಇಷ್ಟು ಸಾಮಾನು ಬೇಕಾದೀತು ಎಂಬ ಅಂದಾಜುಪಟ್ಟಿ, ಇಷ್ಟು ಕಳುಹಿಸಿದೆ ಎಂಬ ಬೀಜಕ, ಇಷ್ಟು ಮುಟ್ಟಿತು ಎಂಬ ರಸೀದಿ, ಇಷ್ಟು ಉಳಿದಿದೆ ಎಂಬ ದಾಸ್ತಾನು ವರದಿ, ಇಂತಿಷ್ಟು ಜನ ಇದ್ದಾರೆ ಎಂಬ ಹಾಜರಿಪಟ್ಟಿ, ಇವೆಲ್ಲ ಒಂದರ ಬೆನ್ನಿಗೆ ಒಂದು ಹೊರಟು ನೂರಾರು ಮೈಲಿ ದೂರದ ಕಚೇರಿಗಳನ್ನು ಸೇರುತ್ತಿದ್ದವು. ಮೇಲ್ನೋಟಕ್ಕೆ ಒಣ ಲೆಕ್ಕವಾಗಿ ಕಾಣುವ ಈ ಬರಹಗಳ ಹಿಂದೆ ಒಂದು ರಾಜಕೀಯ ಪ್ರಶ್ನೆಯಿತ್ತು. ಬ್ರಿಟಿಷ್ ದೊರೆಯ ಕಾಯಂ ಸೈನ್ಯದ ಹಾವಳಿಯನ್ನು ಕಣ್ಣಾರೆ ಕಂಡು ಬಂಡಾಯವೆದ್ದ ಜನ ತಮ್ಮದೇ ಸೈನ್ಯವನ್ನು ಕಟ್ಟಬೇಕಾಗಿ ಬಂದಾಗ, ಅದು ತಮ್ಮ ಕೈಮೀರಿ ಹೋಗದಂತೆ ತಡೆಯುವ ಬಗೆ ಯಾವುದು ಎಂಬುದೇ ಆ ಪ್ರಶ್ನೆ. ಹಣದ ಚೀಲವನ್ನು ಜನಪ್ರತಿನಿಧಿಗಳ ಕೈಯಲ್ಲಿಟ್ಟು, ಚೀಲದಿಂದ ಹೊರಟ ಪ್ರತಿಯೊಂದು ಡಾಲರಿಗೂ ಕಾಗದದ ಸಾಕ್ಷ್ಯ ಕೇಳುವುದೇ ಅವರು ಕಂಡುಕೊಂಡ ಉತ್ತರ. ಆ ಉತ್ತರ ಹಲವು ಸಲ ಸೈನಿಕರನ್ನು ಹಸಿವಿಗೆ ದೂಡಿತು, ಒಮ್ಮೆ ಘೋರ ಸೋಲಿಗೂ ದಾರಿಮಾಡಿತು. ಆದರೂ ಗಣರಾಜ್ಯದಲ್ಲಿ ಅಧಿಕಾರಸ್ಥರನ್ನು ಪ್ರಶ್ನಿಸುವ ಕ್ರಮವೊಂದು ರೂಪುಗೊಂಡದ್ದು ಅದೇ ಕಾಗದಗಳಿಂದ.

ಮೂವತ್ತಾರು ಪೀಪಾಯಿ ಮದ್ದು

ಹದಿಮೂರು ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯದಲ್ಲಿ ಸೇರಿ ನಡೆಸುತ್ತಿದ್ದ ಸಭೆಗೆ ಕಾಂಟಿನೆಂಟಲ್ ಕಾಂಗ್ರೆಸ್ ಎಂಬ ಹೆಸರಿತ್ತು. ಈ ಸಭೆ 1775ರ ಜೂನ್ 14ರಂದು ಕಾಂಟಿನೆಂಟಲ್ ಸೈನ್ಯವನ್ನು ಸ್ಥಾಪಿಸಿ, ಮರುದಿನ ಜಾರ್ಜ್ ವಾಷಿಂಗ್ಟನ್ ಅವರನ್ನು ಮಹಾದಂಡನಾಯಕರನ್ನಾಗಿ ಆರಿಸಿತು. ಬಾಸ್ಟನ್ ನಗರದಲ್ಲಿದ್ದ ಬ್ರಿಟಿಷ್ ಪಡೆಯನ್ನು ಸುತ್ತುವರಿದು ಕುಳಿತಿದ್ದ ಬಂಡಾಯಗಾರರ ನಾಯಕತ್ವವನ್ನು ಜುಲೈ 3ರಂದು ಕೇಂಬ್ರಿಜ್‌ನಲ್ಲಿ ವಹಿಸಿಕೊಂಡ ವಾಷಿಂಗ್ಟನ್, ಜನಬಲ ಎಷ್ಟು, ಆಯುಧಗಳೆಷ್ಟು, ಮದ್ದೆಷ್ಟು ಎಂದು ಮೊದಮೊದಲಿಗೇ ವಿಚಾರಿಸಿದರು. ಸೈನ್ಯದ ಭಾಷೆಯಲ್ಲಿ ರಿಟರ್ನ್ ಎಂದು ಕರೆಯಲಾಗುವ ವರದಿ ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದ ಪತ್ರ. ಒಂದು ಗೊತ್ತಾದ ದಿನದಂದು ಕೈಯಲ್ಲಿ ವಾಸ್ತವವಾಗಿ ಏನಿದೆ ಎಂಬುದನ್ನು ಮಾತ್ರ ಅದು ತಿಳಿಸಬೇಕು.

ಮಸಾಚುಸೆಟ್ಸ್ ಪ್ರಾಂತ್ಯದ ಸಮಿತಿ ಕೊಟ್ಟ ಮೊದಲ ಲೆಕ್ಕದಲ್ಲಿ ಸುಮಾರು 300 ಪೀಪಾಯಿ ಕೋವಿಮದ್ದು ಇದೆಯೆಂದು ತೋರಿಸಲಾಗಿತ್ತು. ಆಗಸ್ಟ್ ಆರಂಭದಲ್ಲಿ ಮರುಪರಿಶೀಲನೆ ನಡೆದಾಗ ಆ ಪ್ರಾಂತ್ಯದ ಉಗ್ರಾಣದಲ್ಲಿದ್ದುದು 36 ಪೀಪಾಯಿಗಳಷ್ಟೇ ಎಂಬುದು ಹೊರಬಿತ್ತು. ಸಮಿತಿಯವರು ಮೋಸವೇನೂ ಮಾಡಿರಲಿಲ್ಲ. ಅಂದಿನವರೆಗೆ ಒಟ್ಟು ಸಂಗ್ರಹಿಸಿದ ಮದ್ದನ್ನೆಲ್ಲ ಬರೆದು, ಖರ್ಚಾದುದನ್ನು ಕಳೆಯದೆ ಬಿಟ್ಟಿದ್ದರು. ನೆರೆಯ ಪ್ರಾಂತ್ಯಗಳ ದಾಸ್ತಾನನ್ನು ಕೂಡಿಸಿದರೂ ಒಬ್ಬ ಸೈನಿಕನಿಗೆ 9 ಸುತ್ತಿಗಿಂತ ಹೆಚ್ಚು ಮದ್ದು ಸಿಗುವಂತಿರಲಿಲ್ಲ. ಈ ಸಂಗತಿಯನ್ನು ವಾಷಿಂಗ್ಟನ್ ಆಗಸ್ಟ್ 4ರಂದು ಕಾಂಗ್ರೆಸ್ಸಿನ ಅಧ್ಯಕ್ಷ ಜಾನ್ ಹ್ಯಾನ್‌ಕಾಕ್ ಅವರಿಗೆ ಬರೆದು ತಿಳಿಸಿ, ಶತ್ರುವಿಗೆ ಸುಳಿವು ಸಿಗದಂತೆ ಗುಟ್ಟು ಕಾಪಾಡುತ್ತಲೇ ನಾನಾ ಕಡೆಗಳಿಂದ ಮದ್ದು ತರಿಸಲು ತೊಡಗಿದರು. ಬಂದದ್ದು, ಖರ್ಚಾದದ್ದು, ಉಳಿದದ್ದು ಎಂಬ ಮೂರು ಅಂಕಣಗಳ ಸರಳ ಶಿಸ್ತು ಇಲ್ಲದೆ ಯಾವ ಸೇನಾಪತಿಯೂ ಯುದ್ಧ ನಡೆಸಲಾರ ಎಂಬ ಪಾಠ ಮೊದಲ ಬೇಸಿಗೆಯಲ್ಲೇ ಹೀಗೆ ದೊರೆಯಿತು. ಮುಂದಿನ ಎಂಟು ವರ್ಷ ವಾಷಿಂಗ್ಟನ್ ತಮ್ಮ ಅಧಿಕಾರಿಗಳಿಗೆ ಬರೆದ ಪತ್ರಗಳಲ್ಲಿ ನಿಯತ ಹಾಗೂ ನಿಖರ ವರದಿಗಳ ಬೇಡಿಕೆ ಮತ್ತೆ ಮತ್ತೆ ಬರುತ್ತದೆ.

ಪಡಿಯ ಲೆಕ್ಕ, ಇಲಾಖೆಗಳ ಹುಟ್ಟು

ಸೈನಿಕನಿಗೆ ಸರ್ಕಾರ ಕೊಡಬೇಕಾದ ದಿನದ ಆಹಾರದ ಪ್ರಮಾಣವೇ ಪಡಿ. 1775ರ ನವೆಂಬರ್ 4ರಂದು ಕಾಂಗ್ರೆಸ್ ಗೊತ್ತುಪಡಿಸಿದಂತೆ ದಿನಕ್ಕೆ ಒಂದು ಪೌಂಡ್ ಗೋಮಾಂಸ, ಇಲ್ಲವೇ ಮುಕ್ಕಾಲು ಪೌಂಡ್ ಹಂದಿಮಾಂಸ, ಇಲ್ಲವೇ ಒಂದು ಪೌಂಡ್ ಉಪ್ಪುಮೀನು, ಅದರ ಜತೆಗೆ ಒಂದು ಪೌಂಡ್ ಬ್ರೆಡ್ಡು ಅಥವಾ ಹಿಟ್ಟು ಮತ್ತು ಒಂದು ಪೈಂಟ್ ಹಾಲು ಕೊಡಬೇಕಿತ್ತು; ವಾರಕ್ಕೆ ಮೂರು ಪೈಂಟ್ ಬಟಾಣಿ ಅಥವಾ ಅವರೆಕಾಳಿನಂಥ ಧಾನ್ಯ, ಅರ್ಧ ಪೈಂಟ್ ಅಕ್ಕಿ ಅಥವಾ ಒಂದು ಪೈಂಟ್ ಮೆಕ್ಕೆಜೋಳದ ಹಿಟ್ಟು, ನೂರು ಜನರಿಗೆ ಇಷ್ಟೆಂದು ಮೇಣದಬತ್ತಿ ಮತ್ತು ಸಾಬೂನು ಕೂಡ ಪಟ್ಟಿಯಲ್ಲಿದ್ದವು. ಪೌಂಡ್ ಎಂದರೆ ಸುಮಾರು 450 ಗ್ರಾಂ, ಪೈಂಟ್ ಎಂದರೆ ಸುಮಾರು ಅರ್ಧ ಲೀಟರ್. ಈ ಲೆಕ್ಕದಂತೆ ಹತ್ತು ಸಾವಿರ ಜನರ ಪಡೆಗೆ ಹಿಟ್ಟೊಂದೇ ದಿನಕ್ಕೆ ನಾಲ್ಕೂವರೆ ಟನ್ ಬೇಕಾಗುತ್ತಿತ್ತು. ಅದನ್ನು ಕೊಂಡು, ಪೀಪಾಯಿಗೆ ತುಂಬಿಸಿ, ಕೆಟ್ಟ ರಸ್ತೆಗಳಲ್ಲಿ ಬಂಡಿ ಹೂಡಿಸಿ, ಹೊತ್ತಿಗೆ ಸರಿಯಾಗಿ ಪಾಳೆಯ ಮುಟ್ಟಿಸುವುದು ಆ ಕಾಲದ ಅತಿ ದೊಡ್ಡ ವ್ಯಾಪಾರಿಗಳ ಶಕ್ತಿಗೂ ಮೀರಿದ ಕೆಲಸ.

ಅದಕ್ಕಾಗಿ ಕಾಂಗ್ರೆಸ್ ಬ್ರಿಟಿಷ್ ಸೈನ್ಯದ ಮಾದರಿಯನ್ನು ಅನುಸರಿಸಿ ಬೇರೆಬೇರೆ ಇಲಾಖೆಗಳನ್ನು ಮಾಡಿತು. ಸಾಗಣೆ, ಬಿಡಾರ, ಡೇರೆ, ಕುದುರೆ, ಮೇವುಗಳ ಹೊಣೆ ಕ್ವಾರ್ಟರ್‌ಮಾಸ್ಟರ್ ಜನರಲ್ ಎಂಬ ಅಧಿಕಾರಿಯದು. ಆಹಾರದ ಹೊಣೆ ಕಮಿಸರಿ ಜನರಲ್‌ದು. ಬಟ್ಟೆಬರೆಗೆ ಮತ್ತೊಬ್ಬ ಅಧಿಕಾರಿ. ಮೊದಲ ಕಮಿಸರಿ ಜನರಲ್ ಜೋಸೆಫ್ ಟ್ರಂಬುಲ್ ವ್ಯಾಪಾರ ಬಲ್ಲವರು. ಆದರೆ 1777ರ ಜೂನ್‌ನಲ್ಲಿ ಕಾಂಗ್ರೆಸ್ ಆ ಇಲಾಖೆಯನ್ನು ಖರೀದಿ ಮತ್ತು ವಿತರಣೆ ಎಂದು ಎರಡಾಗಿ ಒಡೆದು, ದುಂದುವೆಚ್ಚ ಹಾಗೂ ಕಳವನ್ನು ತಡೆಯುವ ಆತುರದಲ್ಲಿ ಅತಿ ಸೂಕ್ಷ್ಮವಾದ ನಿಯಮಗಳನ್ನು ಹೇರಿತು. ಕೊಂಡ ದನಗಳ ಸಂಖ್ಯೆಯ ಜತೆಗೆ ಅವುಗಳ ಬಣ್ಣ ಹಾಗೂ ಮೈಮೇಲಿನ ಸಹಜ ಗುರುತುಗಳನ್ನೂ ಖರೀದಿಯ ಪುಸ್ತಕದಲ್ಲಿ ನಮೂದಿಸಬೇಕೆಂಬಷ್ಟು ಬಿಗಿಯಾದ ನಿಯಮಗಳವು. ಕೈಕೆಳಗಿನವರನ್ನು ನೇಮಿಸುವ ಸ್ವಾತಂತ್ರ್ಯವನ್ನೂ ಕಳೆದುಕೊಂಡ ಟ್ರಂಬುಲ್ ರಾಜೀನಾಮೆ ಕೊಟ್ಟರು. ಅನುಭವಿಗಳಾದ ಹಲವರು ಅವರ ಹಿಂದೆಯೇ ಹೊರಟುಹೋದರು. ಅದೇ ವರ್ಷದ ಕೊನೆಗೆ ಕ್ವಾರ್ಟರ್‌ಮಾಸ್ಟರ್ ಜನರಲ್ ಥಾಮಸ್ ಮಿಫ್ಲಿನ್ ಕೂಡ ಹುದ್ದೆ ತೊರೆದರು. ಕಳವು ತಡೆಯಲು ಹೊರಟ ನಿಯಮ ಕೊಳ್ಳುವವರೇ ಇಲ್ಲದಂತೆ ಮಾಡಿದ್ದು ಹೀಗೆ.

ಇದರ ಫಲವನ್ನು ಉಂಡದ್ದು ಪೆನ್ಸಿಲ್ವೇನಿಯದ ವ್ಯಾಲಿ ಫೋರ್ಜ್ ಪಾಳೆಯ. 1777ರ ಡಿಸೆಂಬರ್ 19ರಂದು ಸೈನ್ಯ ಅಲ್ಲಿ ಬಿಡಾರ ಹೂಡಿದ ನಾಲ್ಕೇ ದಿನಗಳಲ್ಲಿ, ಕಾಂಗ್ರೆಸ್ಸಿನ ಅಂದಿನ ಅಧ್ಯಕ್ಷ ಹೆನ್ರಿ ಲಾರೆನ್ಸ್ ಅವರಿಗೆ ವಾಷಿಂಗ್ಟನ್ ಬರೆದ ಪತ್ರ ಆ ಕಾಲದ ಸರಬರಾಜು ಪತ್ರಗಳಲ್ಲೆಲ್ಲ ಹೆಸರಾದದ್ದು. ಆಹಾರದ ಇಲಾಖೆಯಲ್ಲಿ ಕೂಡಲೇ ದೊಡ್ಡ ಬದಲಾವಣೆ ಆಗದಿದ್ದರೆ ಸೈನ್ಯ ಹಸಿವಿನಿಂದ ಸಾಯಬೇಕು, ಇಲ್ಲವೇ ಕರಗಿಹೋಗಬೇಕು, ಇಲ್ಲವೇ ಹೊಟ್ಟೆಪಾಡಿಗಾಗಿ ಚೆದುರಿಹೋಗಬೇಕು ಎಂದು ಅವರು ನೇರವಾಗಿ ಎಚ್ಚರಿಸಿದರು. ಮಾತಿಗೆ ಬೆಂಬಲವಾಗಿ ನಿಂತದ್ದು ಅಂದಿನ ಹಾಜರಿ ವರದಿ: ಕಾಲಿಗೆ ಬೂಟಿಲ್ಲದೆ, ಮೈಗೆ ಸರಿಯಾದ ಬಟ್ಟೆಯಿಲ್ಲದೆ ಕೆಲಸಕ್ಕೆ ಬಾರದವರಾಗಿದ್ದ ಸೈನಿಕರ ಸಂಖ್ಯೆ 2,898 ಎಂದು ಅದು ಹೇಳುತ್ತಿತ್ತು. ನಿಖರವಾದ ಈ ಸಂಖ್ಯೆಯನ್ನು ಅಲ್ಲಗಳೆಯಲು ಯಾರಿಂದಲೂ ಆಗುವಂತಿರಲಿಲ್ಲ. 1778ರ ಆರಂಭದಲ್ಲಿ ಕಾಂಗ್ರೆಸ್ಸಿನ ಸಮಿತಿಯೊಂದು ಪಾಳೆಯಕ್ಕೇ ಬಂದು ನೆಲೆಸಿ ಸುಧಾರಣೆಗಳನ್ನು ರೂಪಿಸಿತು.

ಕಾಗದದ ಹಣ, ಕಾಗದದ ಸಾಲ

ಆ ಸುಧಾರಣೆಯ ಭಾಗವಾಗಿ 1778ರ ಮಾರ್ಚ್‌ನಲ್ಲಿ ಸೇನಾಪತಿ ನಥಾನಿಯಲ್ ಗ್ರೀನ್ ಕ್ವಾರ್ಟರ್‌ಮಾಸ್ಟರ್ ಜನರಲ್ ಆದರು. ರಣರಂಗವನ್ನು ಬಿಟ್ಟು ಉಗ್ರಾಣದ ಕೆಲಸಕ್ಕೆ ಬರಲು ಅವರಿಗೆ ಮನಸ್ಸಿರಲಿಲ್ಲ. ಇತಿಹಾಸದಲ್ಲಿ ಕ್ವಾರ್ಟರ್‌ಮಾಸ್ಟರ್ ಒಬ್ಬನ ಹೆಸರನ್ನು ಯಾರೂ ಕೇಳಿಲ್ಲ ಎಂಬ ಕೊರಗನ್ನು ಅವರು ಮರುವರ್ಷ ವಾಷಿಂಗ್ಟನ್‌ಗೆ ಬರೆದ ಪತ್ರದಲ್ಲಿ ತೋಡಿಕೊಂಡಿದ್ದಾರೆ. ಇಲಾಖೆಯ ಖರ್ಚಿನ ಶೇಕಡಾ 1ರಷ್ಟು ಕಮಿಷನ್ನನ್ನು ಗ್ರೀನ್ ಮತ್ತು ಅವರ ಇಬ್ಬರು ಸಹಾಯಕರಾದ ಜಾನ್ ಕಾಕ್ಸ್ ಹಾಗೂ ಚಾರ್ಲ್ಸ್ ಪೆಟಿಟ್ ಹಂಚಿಕೊಳ್ಳುವ ಏರ್ಪಾಡಾಗಿತ್ತು. ಖರ್ಚು ಹೆಚ್ಚಿದಷ್ಟೂ ಅಧಿಕಾರಿಯ ಆದಾಯ ಹೆಚ್ಚುವ ಈ ಪದ್ಧತಿ ಸಹಜವಾಗಿಯೇ ಸಂಶಯಕ್ಕೆ ಎಡೆಮಾಡಿತು, ಗ್ರೀನ್ ಅವರ ಕಾಲದಲ್ಲಿ ಸಾಗಣೆಯ ವ್ಯವಸ್ಥೆ ಗಮನಾರ್ಹವಾಗಿ ಸುಧಾರಿಸಿತು ಎಂಬುದು ನಿಜವೇ ಆದರೂ.

ಅಷ್ಟರಲ್ಲಿ ಹಣವೇ ಹಣವಾಗಿ ಉಳಿದಿರಲಿಲ್ಲ. ತೆರಿಗೆ ವಿಧಿಸುವ ಅಧಿಕಾರವಿಲ್ಲದ ಕಾಂಗ್ರೆಸ್ ನೋಟುಗಳನ್ನು ಅಚ್ಚುಹಾಕಿಸಿ ಯುದ್ಧ ನಡೆಸುತ್ತಿತ್ತು. ಅವುಗಳ ಬೆಲೆ ಕುಸಿಯುತ್ತ ಹೋಗಿ, 1780ರ ಮಾರ್ಚ್‌ನಲ್ಲಿ ನೋಟಿನ 40 ಡಾಲರುಗಳು ಬೆಳ್ಳಿಯ ಒಂದು ಡಾಲರಿಗೆ ಸಮ ಎಂದು ಸ್ವತಃ ಕಾಂಗ್ರೆಸ್ಸೇ ಒಪ್ಪಿಕೊಳ್ಳಬೇಕಾಯಿತು. ಹಣ ತೀರಿದಲ್ಲಿ ಅಧಿಕಾರಿಗಳು ರೈತರಿಂದ ಧಾನ್ಯ, ದನ, ಬಂಡಿಗಳನ್ನು ಪಡೆದು ಬದಲಿಗೆ ಸರ್ಟಿಫಿಕೇಟ್ ಎಂಬ ಸಾಲಪತ್ರ ಬರೆದುಕೊಡುತ್ತಿದ್ದರು. ಸರ್ಕಾರ ಇಂತಿಷ್ಟು ಋಣಿಯಾಗಿದೆ ಎಂದು ಹೇಳುವ ಆ ಚೀಟಿಯನ್ನು ಯಾವಾಗ, ಯಾವ ನಾಣ್ಯದಲ್ಲಿ ತೀರಿಸಲಾಗುತ್ತದೆ ಎಂಬುದು ಕೊಟ್ಟವನಿಗೂ ಗೊತ್ತಿರಲಿಲ್ಲ, ಕೊಂಡವನಿಗೂ ಗೊತ್ತಿರಲಿಲ್ಲ. 1780ರಲ್ಲಿ ಕಾಂಗ್ರೆಸ್ ಹಣಕ್ಕೆ ಬದಲಾಗಿ ಇಂತಿಷ್ಟು ಮಾಂಸ, ಹಿಟ್ಟು, ರಮ್ ಕೊಡಬೇಕೆಂದು ಒಂದೊಂದು ರಾಜ್ಯಕ್ಕೂ ಪಾಲು ಹಂಚಿತು. ಆದರೆ ಸಾಮಗ್ರಿ ಒಂದು ಕಡೆ, ಅದನ್ನು ಉಣ್ಣಬೇಕಾದ ಸೈನ್ಯ ಇನ್ನೊಂದು ಕಡೆ, ನಡುವೆ ಸಾಗಿಸಲು ಹಣವಿಲ್ಲ ಎಂಬ ಸ್ಥಿತಿ ಬಂದಿತು. 1781ರಲ್ಲಿ ಹಣಕಾಸಿನ ಮೇಲ್ವಿಚಾರಕರಾಗಿ ಬಂದ ಫಿಲಡೆಲ್ಫಿಯದ ವರ್ತಕ ರಾಬರ್ಟ್ ಮಾರಿಸ್, ಒಂದು ಪಡಿಗೆ ಇಷ್ಟು ಬೆಲೆ ಎಂದು ಟೆಂಡರ್ ಕರೆದು ಖಾಸಗಿ ಗುತ್ತಿಗೆದಾರರಿಗೆ ಆಹಾರ ಸರಬರಾಜನ್ನು ಒಪ್ಪಿಸಿದರು. ಖರ್ಚು ಎಷ್ಟಾದೀತೆಂದು ಮೊದಲೇ ತಿಳಿಯುವ ಅನುಕೂಲ ಈ ಪದ್ಧತಿಗಿತ್ತು. ಗುತ್ತಿಗೆದಾರನೇ ಕೈಕೊಟ್ಟರೆ ಸೈನ್ಯಕ್ಕೆ ಬೇರೆ ಗತಿಯಿರುತ್ತಿರಲಿಲ್ಲ ಎಂಬುದು ಅದರ ಬೆನ್ನಿಗೇ ಇದ್ದ ಅಪಾಯ.

ಇದೇ 1781ರಲ್ಲಿ ವಾಷಿಂಗ್ಟನ್ ತಮ್ಮ ಪ್ರಧಾನ ಕಚೇರಿಯ ಕಾಗದಗಳನ್ನು ವ್ಯವಸ್ಥಿತವಾಗಿ ನಕಲು ಮಾಡಿಸಲು ರಿಚರ್ಡ್ ವೆರಿಕ್ ಎಂಬವರನ್ನು ನೇಮಿಸಿದರು. ವೆರಿಕ್ ಮತ್ತು ಅವರ ಗುಮಾಸ್ತರು ಎರಡು ವರ್ಷಗಳಿಗೂ ಮಿಕ್ಕಿ ದುಡಿದು ಸಿದ್ಧಪಡಿಸಿದ 44 ಸಂಪುಟಗಳು ಇಂದಿಗೂ ಆ ಯುದ್ಧದ ಆಡಳಿತವನ್ನು ತಿಳಿಯಲು ಮುಖ್ಯ ಆಕರ. ಯುದ್ಧ ಇನ್ನೂ ಮುಗಿಯದಿದ್ದಾಗಲೇ ಅದರ ದಾಖಲೆಗಾಗಿ ಹಣ ಮತ್ತು ಜನರನ್ನು ಒದಗಿಸಿದ್ದು, ಮುಂದೊಂದು ದಿನ ತಾವು ಲೆಕ್ಕ ಒಪ್ಪಿಸಬೇಕಾದೀತು ಎಂಬ ಅರಿವು ಆ ನಾಯಕತ್ವಕ್ಕೆ ಇತ್ತೆಂಬುದನ್ನು ತೋರಿಸುತ್ತದೆ.

ಎಂಬತ್ತು ಜನರ ಸೈನ್ಯ

ಸ್ವಾತಂತ್ರ್ಯ ಬಂದೊಡನೆ ಕಾಯಂ ಸೈನ್ಯದ ಬಗೆಗಿನ ಹಳೆಯ ಭಯ ಮೇಲೆದ್ದಿತು. 1784ರ ಜೂನ್ 2ರಂದು ಕಾಂಗ್ರೆಸ್, ಪಿಟ್ ಕೋಟೆಯಲ್ಲಿ 25 ಮತ್ತು ವೆಸ್ಟ್ ಪಾಯಿಂಟ್‌ನಲ್ಲಿ 55, ಹೀಗೆ ಸಾಮಗ್ರಿ ಕಾಯಲು ಒಟ್ಟು 80 ಜನರನ್ನು ಮಾತ್ರ ಉಳಿಸಿಕೊಂಡು ಉಳಿದವರನ್ನೆಲ್ಲ ಮನೆಗೆ ಕಳುಹಿಸಿತು. ಮರುದಿನವೇ ಪಶ್ಚಿಮದ ಗಡಿಗಾಗಿ ನಾಲ್ಕು ರಾಜ್ಯಗಳಿಂದ 700 ಜನರನ್ನು ಕೇಳಿತು. 1785ರಲ್ಲಿ ಹೆನ್ರಿ ನಾಕ್ಸ್ ಯುದ್ಧ ಕಾರ್ಯದರ್ಶಿಯಾದರು. ಹೊಸ ಸಂವಿಧಾನದಡಿ 1789ರ ಆಗಸ್ಟ್‌ನಲ್ಲಿ ಯುದ್ಧ ಇಲಾಖೆ ಸ್ಥಾಪನೆಯಾದಾಗಲೂ ಅವರೇ ಮುಂದುವರಿದರು. ಬೆರಳೆಣಿಕೆಯ ಗುಮಾಸ್ತರಿದ್ದ ಈ ಇಲಾಖೆಯ ಪಾಲಿಗೆ ಸೈನ್ಯವಷ್ಟೇ ಅಲ್ಲದೆ ಗಾಯಾಳು ಸೈನಿಕರ ಪಿಂಚಣಿ, ಮೂಲನಿವಾಸಿ ರಾಷ್ಟ್ರಗಳೊಂದಿಗಿನ ವ್ಯವಹಾರ, 1798ರವರೆಗೆ ನೌಕಾಪಡೆಯ ಕೆಲಸ ಕೂಡ ಬಂದಿದ್ದವು.

1790ರ ಕಾನೂನಿನಂತೆ ಸಾಮಾನ್ಯ ಸೈನಿಕನ ಸಂಬಳ ತಿಂಗಳಿಗೆ 3 ಡಾಲರ್. ಅದರಲ್ಲಿ 90 ಸೆಂಟ್ ಬಟ್ಟೆಗೂ 10 ಸೆಂಟ್ ಔಷಧೋಪಚಾರಕ್ಕೂ ಕಡಿತವಾಗಿ ಅವನ ಕೈಗೆ ಬರಬೇಕಾದದ್ದು 2 ಡಾಲರ್. ಆ ಎರಡು ಡಾಲರ್ ಕೂಡ ಹಾಜರಿಪಟ್ಟಿ, ಸಂಬಳಪಟ್ಟಿ, ಲೆಕ್ಕಾಧಿಕಾರಿಯ ತಪಾಸಣೆ, ಖಜಾನೆಯ ಮಂಜೂರಾತಿ ಎಂಬ ಮೆಟ್ಟಿಲುಗಳನ್ನು ಹತ್ತಿ ಇಳಿದು, ಕಾಡಿನ ನಡುವಿನ ಕೋಟೆಯನ್ನು ತಲುಪುವಾಗ ತಿಂಗಳುಗಳೇ ಉರುಳಿರುತ್ತಿದ್ದವು. ಸಾಮಾನಿನ ದಾರಿಯೂ ಹಾಗೆಯೇ. ಕೋಟೆಯ ಅಧಿಕಾರಿ ಅಂದಾಜುಪಟ್ಟಿ ಬರೆಯಬೇಕು, ಯುದ್ಧ ಇಲಾಖೆ ಅದನ್ನು ಒಪ್ಪಬೇಕು, ಖಜಾನೆ ಇಲಾಖೆ ಹಣ ಬಿಡಬೇಕು, ಸಾಗಿಸುವವನು ಬೀಜಕ ಒಯ್ದು ರಸೀದಿ ತರಬೇಕು. ಹಣ ಯಾವುದಕ್ಕೆ ಹೋಯಿತೆಂದು ರುಜುವಾತುಪಡಿಸುವ ವೋಚರ್ ಒಂದು ಕಳೆದುಹೋದರೂ ಆ ಮೊತ್ತ ಅಧಿಕಾರಿಯ ಸ್ವಂತ ಸಾಲವೆಂದು ಪುಸ್ತಕದಲ್ಲಿ ನಿಲ್ಲುತ್ತಿತ್ತು. ಬೇಕೆಂದು ಕೇಳುವವನೊಬ್ಬ, ಹಣ ಕೊಡುವವನು ಇನ್ನೊಬ್ಬ, ಲೆಕ್ಕ ನೋಡುವವನು ಮತ್ತೊಬ್ಬ ಎಂಬ ಈ ಹಂಚಿಕೆಯಿಂದ ಸೈನ್ಯ ನಾಗರಿಕ ಸರ್ಕಾರದ ಹಿಡಿತದಲ್ಲಿ ಉಳಿಯಿತು. ಅವಸರದ ಕೆಲಸಕ್ಕೆ ಮಾತ್ರ ಈ ವ್ಯವಸ್ಥೆ ಒಗ್ಗುತ್ತಿರಲಿಲ್ಲ.

1791: ಸೋಲು ಮತ್ತು ವಿಚಾರಣೆ

ಆ ಅವಸರ 1791ರಲ್ಲಿ ಬಂದಿತು. ಒಹಾಯೊ ನದಿಯ ಉತ್ತರದ ಪ್ರದೇಶವನ್ನು ಬಿಟ್ಟುಕೊಡಲು ಒಪ್ಪದ ಮಯಾಮಿ, ಶಾನಿ ಮೊದಲಾದ ಮೂಲನಿವಾಸಿ ರಾಷ್ಟ್ರಗಳ ಒಕ್ಕೂಟದ ಮೇಲೆ ದಂಡೆತ್ತಿ ಹೋಗಲು ಆರ್ಥರ್ ಸೇಂಟ್ ಕ್ಲೇರ್ ಎಂಬ ಸೇನಾಪತಿಯನ್ನು ನೇಮಿಸಲಾಯಿತು. ಆಹಾರದ ಗುತ್ತಿಗೆ ವಿಲಿಯಂ ಡುಯರ್ ಕೈ ಸೇರಿತ್ತು. ಹಿಂದೆ ಖಜಾನೆ ಇಲಾಖೆಯಲ್ಲೇ ಉಪಕಾರ್ಯದರ್ಶಿಯಾಗಿದ್ದ ಈತ ಆ ಹೊತ್ತಿನಲ್ಲಿ ನ್ಯೂಯಾರ್ಕಿನ ಷೇರು ಜೂಜಿನಲ್ಲಿ ಮುಳುಗಿದ್ದ ವ್ಯಕ್ತಿ. ಕ್ವಾರ್ಟರ್‌ಮಾಸ್ಟರ್ ಜನರಲ್ ಆಗಿ ನೇಮಕಗೊಂಡ ಸ್ಯಾಮುಯೆಲ್ ಹಾಜ್‌ಡನ್ ಬೇಸಿಗೆಯೆಲ್ಲ ಪೂರ್ವದಲ್ಲೇ ಉಳಿದು, ಇಂದಿನ ಸಿನ್ಸಿನಾಟಿಯಲ್ಲಿದ್ದ ವಾಷಿಂಗ್ಟನ್ ಕೋಟೆಯನ್ನು ತಲುಪಿದ್ದು ಸೆಪ್ಟೆಂಬರ್‌ನಲ್ಲಿ. ಫಿಲಡೆಲ್ಫಿಯದಿಂದ ಸಾಮಾನು ಬೆಟ್ಟಗಳನ್ನು ದಾಟಿ ಬಂಡಿಯಲ್ಲಿ ಪಿಟ್ಸ್‌ಬರ್ಗ್ ಮುಟ್ಟಿ, ಅಲ್ಲಿಂದ ದೋಣಿಯಲ್ಲಿ ಒಹಾಯೊ ನದಿಯಗುಂಟ ಇಳಿಯಬೇಕಿತ್ತು; ಬೇಸಿಗೆಯಲ್ಲಿ ನದಿಯ ನೀರು ಇಳಿದರೆ ದೋಣಿಗಳು ನಿಂತುಬಿಡುತ್ತಿದ್ದವು. ಹೇಗೋ ತಲುಪಿದ ಸಾಮಾನಿನಲ್ಲೂ ಮದ್ದು ಕಳಪೆ, ಕೊಡಲಿಗಳು ಮೆದು, ಹೇರುಕುದುರೆಗಳ ತಡಿಗಳು ಅಳತೆ ಮೀರಿದವು. ಬೇಸಿಗೆಯಲ್ಲೇ ಹೊರಡಬೇಕಿದ್ದ ದಂಡು ಸೆಪ್ಟೆಂಬರ್‌ನಲ್ಲಿ ಹೊರಟು, ಹಿಟ್ಟಿಗಾಗಿ ದಾರಿಯಲ್ಲಿ ಅಲ್ಲಲ್ಲಿ ಕಾದು, ನವೆಂಬರ್ 4ರ ಮುಂಜಾನೆ ಲಿಟಲ್ ಟರ್ಟಲ್ ಹಾಗೂ ಬ್ಲೂ ಜಾಕೆಟ್ ಅವರ ನೇತೃತ್ವದ ಮೂಲನಿವಾಸಿ ಯೋಧರ ದಾಳಿಗೆ ತುತ್ತಾಯಿತು. ಕೆಲವೇ ತಾಸುಗಳಲ್ಲಿ 600ಕ್ಕೂ ಹೆಚ್ಚು ಸೈನಿಕರು ಸತ್ತರು. ಮೂಲನಿವಾಸಿಗಳ ಎದುರು ಅಮೆರಿಕದ ಸೈನ್ಯ ಅನುಭವಿಸಿದ ಅತಿ ದೊಡ್ಡ ಸೋಲು ಇದೇ.

ಸರಬರಾಜು ಕೈಕೊಟ್ಟರೆ ಹಣವಂತ ಸಾಮ್ರಾಜ್ಯದ ದಂಡೂ ನಿಲ್ಲಲಾರದು ಎಂಬುದಕ್ಕೆ ಅದೇ ವರ್ಷ ಕರ್ನಾಟಕದಲ್ಲಿ ಇನ್ನೊಂದು ಸಾಕ್ಷ್ಯ ದೊರೆತಿತ್ತು. ಯಾರ್ಕ್‌ಟೌನ್‌ನಲ್ಲಿ 1781ರಲ್ಲಿ ವಾಷಿಂಗ್ಟನ್ ಎದುರು ಶರಣಾದ ಬ್ರಿಟಿಷ್ ಸೇನೆಯ ನಾಯಕ ಕಾರ್ನ್‌ವಾಲಿಸ್, ಹತ್ತು ವರ್ಷಗಳ ಬಳಿಕ ಭಾರತದ ಗವರ್ನರ್ ಜನರಲ್ ಆಗಿ ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪದ ಅರಕೆರೆಯವರೆಗೆ ಬಂದಿದ್ದ. ಆದರೆ ಎತ್ತುಗಳು ಮೇವಿಲ್ಲದೆ, ರೋಗದಿಂದ ಸತ್ತು ಧಾನ್ಯ ಮುಗಿದುಹೋದುದರಿಂದ, ಕೋಟೆ ಒಡೆಯಲು ತಂದ ದೊಡ್ಡ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂತಿರುಗಿದ. ಮರುವರ್ಷ ಬಂಜಾರರ ಎತ್ತಿನ ತಂಡಗಳಿಂದ ಧಾನ್ಯದ ಏರ್ಪಾಡು ಮಾಡಿಕೊಂಡೇ ಆತ ಮತ್ತೆ ಬಂದದ್ದು.

ಅಮೆರಿಕದಲ್ಲಿ ಆ ಸೋಲಿನ ಬಳಿಕ ನಡೆದದ್ದು ಮಾತ್ರ ಹೊಸ ಬಗೆಯದು. 1792ರ ಮಾರ್ಚ್ 27ರಂದು ಕಾಂಗ್ರೆಸ್ಸಿನ ಪ್ರತಿನಿಧಿ ಸಭೆ ಸೋಲಿನ ಕಾರಣಗಳನ್ನು ವಿಚಾರಿಸಲು ಸಮಿತಿಯೊಂದನ್ನು ನೇಮಿಸಿ, ಬೇಕಾದ ವ್ಯಕ್ತಿಗಳನ್ನೂ ಕಾಗದಪತ್ರಗಳನ್ನೂ ತರಿಸಿಕೊಳ್ಳುವ ಅಧಿಕಾರವನ್ನು ಅದಕ್ಕೆ ಕೊಟ್ಟಿತು. ಕಾಂಗ್ರೆಸ್ ಕಾರ್ಯಾಂಗದ ಮೇಲೆ ನಡೆಸಿದ ಮೊದಲ ತನಿಖೆ ಇದು. ಯುದ್ಧ ಇಲಾಖೆಯ ಪತ್ರಗಳನ್ನು ಸಮಿತಿ ಕೇಳಿದಾಗ, ಅಷ್ಟರಲ್ಲಿ ರಾಷ್ಟ್ರಾಧ್ಯಕ್ಷರಾಗಿದ್ದ ವಾಷಿಂಗ್ಟನ್ ತಮ್ಮ ಕಾರ್ಯದರ್ಶಿಗಳಾದ ಜೆಫರ್ಸನ್, ಹ್ಯಾಮಿಲ್ಟನ್, ನಾಕ್ಸ್ ಮತ್ತು ಅಟಾರ್ನಿ ಜನರಲ್ ರ‍್ಯಾಂಡಾಲ್ಫ್ ಅವರನ್ನು ಕರೆದು ಆಲೋಚಿಸಿದರು. ಸಭೆಗೆ ಕಾಗದ ಕೇಳುವ ಹಕ್ಕಿದೆ, ಆದರೆ ಬಹಿರಂಗವಾದರೆ ಸಾರ್ವಜನಿಕ ಹಿತಕ್ಕೆ ಧಕ್ಕೆ ತರುವಂಥವನ್ನು ಕೊಡದಿರುವ ಅಧಿಕಾರ ಅಧ್ಯಕ್ಷರಿಗಿದೆ ಎಂಬುದು ಅವರೆಲ್ಲರ ಅಭಿಪ್ರಾಯ. ಈ ಪ್ರಕರಣದಲ್ಲಿ ತಡೆಹಿಡಿಯಬೇಕಾದದ್ದು ಏನೂ ಇಲ್ಲವೆಂದು ಪ್ರತಿಗಳನ್ನು ಒಪ್ಪಿಸಲಾಯಿತು. ಸಮಿತಿ ಸೇಂಟ್ ಕ್ಲೇರ್ ಅವರನ್ನು ದೋಷಮುಕ್ತರನ್ನಾಗಿಸಿ, ಪಡೆ ಕಟ್ಟುವಲ್ಲಾದ ವಿಳಂಬದ ಜತೆಗೆ ಕ್ವಾರ್ಟರ್‌ಮಾಸ್ಟರ್ ಮತ್ತು ಗುತ್ತಿಗೆದಾರರ ಕೆಲಸದಲ್ಲಿನ ಭಾರಿ ಲೋಪಗಳನ್ನು ಎತ್ತಿತೋರಿಸಿತು. ಡುಯರ್ ಅಷ್ಟರಲ್ಲಿ ದಿವಾಳಿಯೆದ್ದು ಸಾಲಗಾರರ ಸೆರೆಮನೆ ಸೇರಿದ್ದ.

ಆ ಬಳಿಕದ ಸೇನಾಪತಿ ಆಂಟನಿ ವೇಯ್ನ್, ಹೊಸ ಕ್ವಾರ್ಟರ್‌ಮಾಸ್ಟರ್ ಜನರಲ್ ಜೇಮ್ಸ್ ಒಹಾರಾ ಅವರ ನೆರವಿನಿಂದ ಎರಡು ವರ್ಷ ಪಡೆಯನ್ನು ತರಬೇತಿಗೊಳಿಸಿ, ದಾರಿಯುದ್ದಕ್ಕೂ ಕೋಟೆಗಳಲ್ಲಿ ದಾಸ್ತಾನು ಕೂಡಿಟ್ಟು, ಗುತ್ತಿಗೆದಾರರ ವಿಳಂಬದ ಬಗ್ಗೆ ನಾಕ್ಸ್‌ಗೆ ದೂರಿನ ಮೇಲೆ ದೂರು ಬರೆಯುತ್ತ ಮುಂದುವರಿದು, 1794ರ ಆಗಸ್ಟ್ 20ರಂದು ಫಾಲನ್ ಟಿಂಬರ್ಸ್ ಎಂಬಲ್ಲಿ ಗೆದ್ದರು. ಖರೀದಿಯ ಅಧಿಕಾರ ಯಾರದೆಂಬ ಹಗ್ಗಜಗ್ಗಾಟ ಮಾತ್ರ ನಿಲ್ಲಲಿಲ್ಲ. 1792ರಲ್ಲಿ ಅದನ್ನು ಖಜಾನೆ ಇಲಾಖೆಗೆ ವಹಿಸಲಾಯಿತು, 1795ರಲ್ಲಿ ಸಾರ್ವಜನಿಕ ಸಾಮಗ್ರಿಗಳ ಖರೀದಿಗೆಂದೇ ಒಬ್ಬ ಅಧಿಕಾರಿಯ ಹುದ್ದೆ ಹುಟ್ಟಿತು, 1798ರಲ್ಲಿ ಹೊಣೆ ಯುದ್ಧ ಇಲಾಖೆಗೆ ಮರಳಿತು.

ಸುಟ್ಟುಹೋದ ಕಚೇರಿ, ಮರಳಿದ ದಾಖಲೆ

ರಾಜಧಾನಿ ಫಿಲಡೆಲ್ಫಿಯದಿಂದ ವಾಷಿಂಗ್ಟನ್ ನಗರಕ್ಕೆ ಬಂದ ಕೆಲವೇ ತಿಂಗಳಲ್ಲಿ, 1800ರ ನವೆಂಬರ್ 8ರ ರಾತ್ರಿ, ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು ಅಲ್ಲಿದ್ದ ಕಡತಗಳು ಸುಟ್ಟುಹೋದವು. ಎರಡು ಶತಮಾನಗಳ ಕಾಲ ಈ ಅವಧಿಯ ದಾಖಲೆ ಕಳೆದುಹೋಯಿತೆಂದೇ ಇತಿಹಾಸಕಾರರು ಭಾವಿಸಿದ್ದರು. ಆದರೆ ಪತ್ರಕ್ಕೆ ಎರಡು ತುದಿಗಳಿರುತ್ತವೆ: ಇಲಾಖೆಯಿಂದ ಹೋದ ಪತ್ರ ಪಡೆದವನ ಮನೆಯಲ್ಲಿ ಉಳಿದಿರುತ್ತದೆ, ಇಲಾಖೆಗೆ ಬಂದ ಪತ್ರದ ಪ್ರತಿ ಕಳುಹಿಸಿದವನ ನಕಲು ಪುಸ್ತಕದಲ್ಲಿರುತ್ತದೆ, ಲೆಕ್ಕಪತ್ರದ ಒಂದು ಪ್ರತಿ ಖಜಾನೆಯಲ್ಲಿರುತ್ತದೆ. ಈ ತರ್ಕದಿಂದ ಹೊರಟ ವಿದ್ವಾಂಸರು ನೂರಾರು ಗ್ರಂಥಾಲಯ ಹಾಗೂ ದಾಖಲಾಗಾರಗಳನ್ನು ಶೋಧಿಸಿ ನಲವತ್ತು ಸಾವಿರಕ್ಕೂ ಹೆಚ್ಚು ಕಾಗದಗಳ ಪ್ರತಿಗಳನ್ನು ಒಟ್ಟುಗೂಡಿಸಿದರು. ವರ್ಜೀನಿಯದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ರಾಯ್ ರೋಸೆನ್‌ಝ್ವೈಗ್ ಕೇಂದ್ರ ಅವನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ, ಹಳೆಯ ಕೈಬರಹವನ್ನು ಓದಿ ಬೆರಳಚ್ಚು ಮಾಡುವ ಕೆಲಸದಲ್ಲಿ ಸಾಮಾನ್ಯ ಸ್ವಯಂಸೇವಕರೂ ಪಾಲ್ಗೊಂಡಿದ್ದಾರೆ.

ಯುದ್ಧದ ಕಥನಗಳಲ್ಲಿ ಹೆಸರೇ ಬಾರದ ಜನ ಈ ಸಂಗ್ರಹದಲ್ಲಿ ಕಾಣಸಿಗುತ್ತಾರೆ. ಅಂಗಿ ಹೊಲಿದುಕೊಟ್ಟು ಕೂಲಿ ಪಡೆದ ಹೆಂಗಸರು, ಬಾಕಿ ಬಾಡಿಗೆಗಾಗಿ ಅರ್ಜಿ ಹಾಕಿದ ಬಂಡಿಯವರು, ಪಿಂಚಣಿ ಬೇಡುವ ಅಂಗವಿಕಲ ಸೈನಿಕರು, ಒಪ್ಪಂದದಂತೆ ಬರಬೇಕಾದ ಬಟ್ಟೆ ಮತ್ತು ಉಪಕರಣಗಳನ್ನು ಕೇಳುವ ಮೂಲನಿವಾಸಿ ನಾಯಕರು ಅಂಥವರು. ಹಿಂದೆ ಕ್ವಾರ್ಟರ್‌ಮಾಸ್ಟರ್ ಜನರಲ್ ಆಗಿದ್ದ ಟಿಮೊಥಿ ಪಿಕರಿಂಗ್ 1794ರ ನವೆಂಬರ್‌ನಲ್ಲಿ ಕ್ಯಾನಂಡೈಗ್ವದಲ್ಲಿ ಆರು ಮೂಲನಿವಾಸಿ ರಾಷ್ಟ್ರಗಳ ಒಕ್ಕೂಟದೊಂದಿಗೆ ಮಾಡಿದ ಒಪ್ಪಂದದಲ್ಲಿ ವರ್ಷಕ್ಕೆ 4,500 ಡಾಲರ್ ಬೆಲೆಯ ಸಾಮಗ್ರಿಯ ಭರವಸೆಯಿದೆ. ಅದರ ಪಾಲಾಗಿ ಆ ಜನರಿಗೆ ಅಮೆರಿಕ ಸರ್ಕಾರದಿಂದ ಬಟ್ಟೆ ಇಂದಿಗೂ ಸಲ್ಲುತ್ತಿದೆ.

ಕಾಗದದ ಆಡಳಿತವನ್ನು ನಿಧಾನಗತಿಯ ಇನ್ನೊಂದು ಹೆಸರೆಂದು ಹಳಿಯುವುದು ಸುಲಭ, ವ್ಯಾಲಿ ಫೋರ್ಜ್ ಮತ್ತು 1791ರ ದಂಡಯಾತ್ರೆ ಆ ಟೀಕೆಗೆ ಬೇಕಾದಷ್ಟು ಆಧಾರವನ್ನೂ ಒದಗಿಸುತ್ತವೆ. ಆದರೆ ಸೈನ್ಯ ಬರಿಗಾಲಲ್ಲಿದೆ ಎಂಬುದನ್ನು ಕಾಂಗ್ರೆಸ್ಸಿಗೆ ಮನಗಾಣಿಸಿದ್ದು ಒಂದು ಹಾಜರಿ ವರದಿ. ಸೋಲಿನ ದೋಷ ಸೇನಾಪತಿಯದಲ್ಲ ಎಂದು ಸಮಿತಿಗೆ ತೋರಿಸಿಕೊಟ್ಟದ್ದು ಬೀಜಕ ಮತ್ತು ಪತ್ರಗಳ ತಾರೀಖುಗಳು. ಸೈನ್ಯವನ್ನು ಜನಪ್ರತಿನಿಧಿಗಳ ಅಧೀನದಲ್ಲಿಡುವ ತತ್ತ್ವವನ್ನು ಸಂವಿಧಾನ ಕೆಲವು ವಾಕ್ಯಗಳಲ್ಲಿ ಹೇಳಿದೆ. ಆ ತತ್ತ್ವವನ್ನು ದಿನನಿತ್ಯದ ರೂಢಿಯಾಗಿಸಿದವರು ಹಿಟ್ಟಿನ ಪೀಪಾಯಿಗಳನ್ನು ಎಣಿಸಿ, ಎಣಿಸಿದ್ದನ್ನು ಬರೆದು, ಬರೆದದ್ದಕ್ಕೆ ರುಜು ಹಾಕಿ ಹೊಣೆ ಹೊತ್ತ ಗುಮಾಸ್ತರು ಮತ್ತು ಉಗ್ರಾಣದ ಅಧಿಕಾರಿಗಳು.